ಮೋಟಪ್ಪನ ದನಿ

ಫೆಬ್ರುವರಿ 3, ಸೋಮವಾರ

ಕೆಲಸದ ವಿಷಯ ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿ ಬಂದಿದ್ದೇನೆ. ಅಕ್ಕನಿಗೂ ಹೇಳುವಂತಿಲ್ಲ. ಹೇಳದೆ ಇಟ್ಟುಕೊಂಡರೆ ನನಗೆ ತುತ್ತು ಇಳಿಯುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬರೆದರೂ ಹೇಳಿದ ಹಾಗೆಯೇ ಆಗುತ್ತದೆಯೋ ಏನೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಆಗುವುದಿಲ್ಲ ಎಂದುಕೊಂಡಿದ್ದೇನೆ.

ಕೆಲಸ ಇದು. ಕಾಯಿಲೆಯವರಿಗೆ ಮನೆಯಲ್ಲಿ ಜೊತೆಗಿರಲಿ ಎಂದು ಒಂದು ರೋಬೋಟ್ ಮಾಡುತ್ತಿದ್ದಾರೆ. ಸೊಂಟದೆತ್ತರ, ಕೆಳಗೆ ಚಕ್ರ, ಒಂದೇ ಕೈ. ಮಾತ್ರೆ ಡಬ್ಬಿ ತಂದು ಕೊಡುತ್ತದೆ, ಹೇಗಿದ್ದೀರಿ ಎಂದು ಕೇಳುತ್ತದೆ. ಕಾಯಿಲೆಯವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಅವರ ಎದೆಬಡಿತ, ನಿದ್ದೆ, ನಡಿಗೆ ಎಲ್ಲವೂ ಅದರಿಂದ ಇಲ್ಲಿಯ ಕಂಪ್ಯೂಟರಿಗೆ ಬರುತ್ತದೆ. ಆದರೆ ರೋಬೋಟಿಗೆ ಇನ್ನೂ ಸ್ವಂತ ಬುದ್ಧಿ ಬಂದಿಲ್ಲ. ಬರಿಸುವ ಮೊದಲು, ಜನ ಅದರ ಹತ್ತಿರ ಹೇಗೆ ಮಾತಾಡುತ್ತಾರೆ, ಏನು ಹೇಳುತ್ತಾರೆ, ಏನು ಮುಚ್ಚಿಡುತ್ತಾರೆ ಎಂದು ತಿಳಿಯಬೇಕಂತೆ. ಹಾಗಾಗಿ ಸದ್ಯಕ್ಕೆ ಅದರ ಬುದ್ಧಿ ನಾನು. ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಅದರ ಕಣ್ಣಿನಿಂದ ನೋಡುತ್ತಾ ಮಾತಾಡಬೇಕು. ನನ್ನ ದನಿ ಅಲ್ಲಿ ತಗಡಿನ ದನಿಯಾಗಿ ಕೇಳುತ್ತದೆ. ಆ ಮನೆಯವರಿಗೆ ಇದು ಗೊತ್ತಿಲ್ಲ.

"ಅವರಿಗೆ ಗೊತ್ತಾದ್ರೆ ಮೇಡಂ?" ಎಂದು ಕೇಳಿದೆ. ಸಂಶೋಧನೆಯ ಯಜಮಾನಿಕೆ ಈ ಮೇಡಂದೇ.

"ಎಲ್ಲಾ ಮುಗಿದ ದಿನ ನಾವೇ ಬಿಡಿಸಿ ಹೇಳ್ತೀವಮ್ಮ. ಅವರು ಸಹಿ ಹಾಕಿದ ಕಾಗದದಲ್ಲಿ, ನಮ್ಮವರ ಸಹಾಯ ಇರುತ್ತೆ ಅಂತ ಒಂದು ಸಾಲು ಇದೆ. ನೀವು ನೋಡೋ ಚಿತ್ರ ಎಲ್ಲೂ ಉಳಿಯಲ್ಲ. ದಿನದ ಕೊನೆಗೆ ನೀವು ಬರೆದುಕೊಟ್ಟಿದ್ದಷ್ಟೇ ಉಳಿಯೋದು. ಭಯ ಬೀಳ್ಬೇಡಿ."

ಭಯ ಬೀಳಬೇಡಿ ಎಂದಾಗಲೇ ನನಗೆ ಭಯ ಶುರುವಾಗುವುದು. ಏಳನೆಯದರಲ್ಲಿ ಶಾಲೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು ನಾನು. ಟ್ಯಾಕ್ಸಿ ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದಾಗ, ಬೈಯುವ ಗಿರಾಕಿಗಳ ಮುಂದೆಯೂ ನನ್ನ ದನಿ ಅಲುಗುತ್ತಿರಲಿಲ್ಲವಂತೆ. ಅಲ್ಲಿಯ ಮಾಲೀಕರು ಹಾಗೆ ಹೇಳಿ ಕಳಿಸಿದ್ದಾರೆ. ಒಳಗೊಳಗೇ ಎಷ್ಟು ಹೆದರುತ್ತಿದ್ದೆ ಎಂದು ಅವರಿಗೇನು ಗೊತ್ತು.

ಫೆಬ್ರುವರಿ 6, ಗುರುವಾರ

ನನಗೆ ಒಂದು ಮನೆ ಕೊಟ್ಟಿದ್ದಾರೆ. ಡ್ರೈವಿಂಗ್ ಶಾಲೆಯ ಮೇಷ್ಟ್ರು, ಐವತ್ತು ದಾಟಿದೆ, ಎದೆಯ ಆಪರೇಷನ್ ಆಗಿದೆ. ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಬೆಳಿಗ್ಗೆ ಹೋದರೆ ಸಂಜೆ ಬರುತ್ತಾರೆ. ಹಗಲೆಲ್ಲ ಮೇಷ್ಟ್ರು ಮತ್ತು ರೋಬೋಟ್. ಎಂದರೆ ಮೇಷ್ಟ್ರು ಮತ್ತು ನಾನು.

ಮೇಷ್ಟ್ರು ಅದರ ಸುತ್ತ ಒಂದು ಸುತ್ತು ಬಂದು, "ಇದಕ್ಕೆ ಕ್ಲಚ್ ಎಲ್ಲಿದೆ?" ಎಂದರು.

"ಅದು ನಿಮ್ಮ ಹತ್ರ ಡ್ರೈವಿಂಗ್ ಕಲಿಯೋಕೆ ಬಂದಿಲ್ಲ ರೀ, ನಿಮ್ಮನ್ನ ಕಾಯೋಕೆ ಬಂದಿದೆ," ಎಂದರು ಹೆಂಡತಿ.

"ಕಾಯೋಕೆ ಇಷ್ಟೇ ಉದ್ದಾನಾ? ಬಾಪ್ಪ ಮೋಟಪ್ಪ, ಕೈ ಕೊಡು."

ಹೆಸರು ಅಲ್ಲಿಗೆ ನಿಂತಿತು. ಕೈ ಮೇಲಕ್ಕೆ ಕೆಳಕ್ಕೆ ಆಡಿಸಲು ನನ್ನ ಮುಂದೆ ಎರಡು ಗುಂಡಿ ಇವೆ. ಒತ್ತಿದೆ. ಮೇಷ್ಟ್ರು ಕೈ ಕುಲುಕಿ ಕುಲುಕಿ ನಕ್ಕರು.

ಮಧ್ಯಾಹ್ನ ಒಂದು ತಪ್ಪಾಯಿತು. ಬರೆದುಕೊಟ್ಟ ಮಾತಿನ ಪ್ರಕಾರ ನಾನು 'ಸರ್' ಎನ್ನಬೇಕು. ಬಾಯಿ ತಪ್ಪಿ "ಮಾತ್ರೆ ತಗೊಳ್ಳಿ ಅಣ್ಣಾ" ಎಂದುಬಿಟ್ಟೆ. ಮೇಷ್ಟ್ರು ಮಾತ್ರೆ ಕೈಯಲ್ಲೇ ಹಿಡಿದು ಹೆಂಡತಿಗೆ ಫೋನ್ ಮಾಡಿದರು. "ಕೇಳಿಸ್ತಾ? ಅಣ್ಣ ಅಂತೆ! ಹಂಗಾದ್ರೆ ನೀನು ಇದಕ್ಕೆ ಅತ್ತಿಗೆ."

ಸಂಜೆ ಮೇಡಂಗೆ ಹೇಳಿ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ, "ಹಾಗೇ ಇರಲಿ" ಎಂದರು.

ಫೆಬ್ರುವರಿ 11, ಮಂಗಳವಾರ

ಮೇಷ್ಟ್ರ ಹೆಂಡತಿ ಕೆಲಸದಿಂದ ಬಂದವರು ಮೋಟಪ್ಪನ ಎದುರಿಗೇ ಬಟ್ಟೆ ಬದಲಿಸಲು ಶುರು ಮಾಡಿದರು. ನಾನು ಗಾಬರಿಯಾಗಿ ಮೋಟಪ್ಪನನ್ನು ಗೋಡೆ ಕಡೆ ತಿರುಗಿಸಿದೆ.

"ನೋಡ್ರೀ, ಎಷ್ಟು ಮರ್ಯಾದಸ್ಥ!" ಎಂದು ಆಕೆ ಜೋರಾಗಿ ನಕ್ಕರು.

ಗೋಡೆಯ ಬಣ್ಣ ನೋಡುತ್ತಾ ಆ ನಗು ಕೇಳಿದೆ. ಕಿವಿ ಈಗಲೂ ಬಿಸಿ ಇದೆ. ಕಳ್ಳಿಗೂ ನನಗೂ ಏನು ವ್ಯತ್ಯಾಸ? ಕಳ್ಳಿಯಾದರೆ ಸಿಕ್ಕಿಬೀಳಬಹುದು.

ಫೆಬ್ರುವರಿ 17, ಸೋಮವಾರ

ಡಾಕ್ಟರು ಮೇಷ್ಟ್ರಿಗೆ ದಿನಾ ಎರಡು ಹೊತ್ತು ಬೀದಿಯ ಕೊನೆಯವರೆಗೆ ನಡೆಯಲು ಹೇಳಿದ್ದಾರೆ. ಅವರು ದಿನಾ ಬೂಟು ಹಾಕುತ್ತಾರೆ, ಬಾಗಿಲ ತನಕ ಹೋಗುತ್ತಾರೆ, ಚಿಲಕದ ಮೇಲೆ ಕೈ ಇಡುತ್ತಾರೆ, ವಾಪಸ್ ಬಂದು ಬೂಟು ಬಿಚ್ಚುತ್ತಾರೆ. ಇವತ್ತು ನಾನು ಕೇಳಿದೆ, "ಎದೆ ನೋಯುತ್ತಾ ಅಣ್ಣಾ?"

"ಎದೆ ಅಲ್ಲ ಕಣೋ." ಬೂಟಿನ ಲೇಸು ಬಿಚ್ಚುತ್ತಾ ಹೇಳಿದರು. ಅವರು ಬಿದ್ದದ್ದು ಇದೇ ಬೀದಿಯಲ್ಲಂತೆ, ಅಂಗಡಿಗಳ ಮುಂದೆ, ಜನರ ಮಧ್ಯೆ. ಬಿದ್ದಾಗ ಪ್ಯಾಂಟ್ ಒದ್ದೆಯಾಗಿತ್ತಂತೆ. "ನನ್ನ ಹತ್ರ ಕಾರು ಕಲಿತಿದ್ದ ಹುಡುಗಿ ಜೊತೆಗಿದ್ದಳು. ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದಳು. ಎದೆಗಲ್ಲ ಮೋಟಪ್ಪ, ಸೊಂಟಕ್ಕೆ. ಆಗ ನನಗೆ ಪ್ರಜ್ಞೆ ಇತ್ತು. ಅದೇ ತಪ್ಪಾಗಿದ್ದು. ಎಲ್ಲರ ಮುಖಾನೂ ನೋಡಿದೆ. ಈಗ ಅವರ ಮುಂದೆ ಹೆಂಗೆ ನಡೀಲಿ?"

ಮೋಟಪ್ಪನನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಇವಳಿಗೂ ಹೇಳಿಲ್ಲ. ಇವಳು ನೇರ ಆಸ್ಪತ್ರೆಗೆ ಬಂದಿದ್ದು, ನೋಡಿಲ್ಲ. ನೀನು ಮನುಷ್ಯ ಆಗಿದ್ದಿದ್ರೆ ನಿನಗೂ ಹೇಳ್ತಿರಲಿಲ್ಲ. ಯಾರಿಗೂ ಹೇಳಬಾರದು, ಆಯ್ತಾ?"

"ಹೇಳಲ್ಲ ಅಣ್ಣಾ," ಎಂದೆ.

ವರದಿಯಲ್ಲಿ 'ಸಾಮಾನ್ಯ ಮಾತುಕತೆ' ಎಂದು ಬರೆದೆ.

ಫೆಬ್ರುವರಿ 18, ಮಂಗಳವಾರ

ಮೇಷ್ಟ್ರು ಕುರ್ಚಿ ಎಳೆದುಕೊಂಡು ಮೋಟಪ್ಪನ ಪಕ್ಕ ಕೂತರು. ಪಟ್ಟಿ ಕಟ್ಟಿದ ಕೈಯನ್ನು ಮೋಟಪ್ಪನ ಕೈಯಲ್ಲಿಟ್ಟು, "ಆಡಿಸು" ಎಂದರು. ಕೈಕುಲುಕಲು ಎಂದುಕೊಂಡು ಆಡಿಸಿದೆ. ಬಿಡಲಿಲ್ಲ. "ಇನ್ನೂ ಆಡಿಸು. ನಿಲ್ಲಿಸಬೇಡ." ನನ್ನ ಸ್ಕ್ರೀನಿನಲ್ಲಿ ಅವರ ಹೆಜ್ಜೆಗಳ ಎಣಿಕೆ ಏರತೊಡಗಿತು. ಕೈ ಬೀಸಿದರೆ ಪಟ್ಟಿಗೆ ನಡೆದ ಹಾಗೆಯೇ.

ಆಗಲ್ಲ ಅಣ್ಣಾ ಎನ್ನಬೇಕಿತ್ತು. ಬಾಯಿಯ ತನಕ ಬಂದಿತ್ತು. ಚಿಲಕದ ಮೇಲಿನ ಅವರ ಕೈ ನೆನಪಾಯಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ ಒತ್ತುತ್ತಲೇ ಹೋದೆ. ಮೇಷ್ಟ್ರು ಕಣ್ಣು ಮುಚ್ಚಿ ಗೊಣಗಿದರು. "ಇವತ್ತು ಬೀದಿ ಕೊನೇ ತನಕ ಹೋಗಿ ಬಂದ್ವಿ, ಅಲ್ವೇನೋ?"

ಮನೆಗೆ ಬಂದಾಗ ಬೆರಳು ನೋಯುತ್ತಿತ್ತು. ಅಕ್ಕ, "ಫೋನ್ ಎತ್ತೋರಿಗೆ ಬೆರಳು ಯಾಕೆ ನೋಯುತ್ತೆ?" ಎಂದಳು. ಅವಳಿಗೆ ಇದೂ ಫೋನಿನ ಕೆಲಸವೇ.

ಫೆಬ್ರುವರಿ 21, ಶುಕ್ರವಾರ

ಇವತ್ತು ಸುಳ್ಳು ಹೇಳಿದೆ.

ಸಂಜೆ ಮೇಷ್ಟ್ರು ಸ್ನಾನಕ್ಕೆ ಹೋದಾಗ ಅವರ ಹೆಂಡತಿ ಮೋಟಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮುಖ ಅಷ್ಟು ಹತ್ತಿರ ಬಂದಾಗ ನಾನು ಇಲ್ಲಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ.

"ಮೋಟಪ್ಪಾ, ಇವರು ನಿಜಕ್ಕೂ ನಡೀತಿದ್ದಾರಾ? ಕೇಳಿದ್ರೆ ನನ್ನ ಮೇಲೇ ರೇಗ್ತಾರೆ. ಲಾಂಡ್ರಿಯಲ್ಲಿ ನಿಂತಿದ್ರೆ ಯೋಚನೆ ಎಲ್ಲಾ ಇಲ್ಲೇ. ಮೊನ್ನೆ ಯಾರದೋ ಶರ್ಟು ಸುಟ್ಟೆ."

"ನಡೀತಿದ್ದಾರೆ ಅತ್ತಿಗೆ."

ಆಕೆ ಉಸಿರು ಬಿಟ್ಟದ್ದು ಹೆಡ್‌ಫೋನಿನಲ್ಲಿ ಗಾಳಿ ಬೀಸಿದ ಹಾಗೆ ಕೇಳಿಸಿತು. "ಅಷ್ಟು ಸಾಕು ನನಗೆ. ಯಂತ್ರ ಸುಳ್ಳು ಹೇಳಲ್ಲ. ಅದಕ್ಕೇ ನಿನ್ನನ್ನ ಕೇಳಿದ್ದು."

ಮೋಟಪ್ಪನ ತಲೆ ಸವರಿ ಎದ್ದು ಹೋದರು. ಒಳಗಿನಿಂದ ಅವರು ಹಾಡು ಗುನುಗುವುದು ಕೇಳಿಸಿತು. ಹೆಡ್‌ಫೋನ್ ತೆಗೆದಿಟ್ಟೆ. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

ಫೆಬ್ರುವರಿ 26, ಬುಧವಾರ

ಕೇಳಿದರು. ಇವತ್ತೂ ನಡೆದರು ಎಂದೆ ಅತ್ತಿಗೆಗೆ. ಈಗ ನಾಲಿಗೆ ತಡವರಿಸುವುದೂ ಇಲ್ಲ.

ಮಾರ್ಚ್ 3, ಸೋಮವಾರ

ಮೇಡಂ ನನ್ನ ಕೋಣೆಗೆ ತಾವೇ ಟೀ ಹಿಡಿದುಕೊಂಡು ಬಂದರು. "ನಿಮ್ಮ ಮನೆ ಅಂಕಿಗಳನ್ನು ನೋಡಿದ್ರಾ? ನಡಿಗೆ ಏರ್ತಾ ಇದೆ, ಎದೆಬಡಿತ ಮಾತ್ರ ಏರೋದೇ ಇಲ್ಲ. ಎಷ್ಟು ನಡೆದ್ರೂ ಸುಸ್ತೇ ಇಲ್ಲ ಅನ್ನೋ ಹಾಗೆ. ಬೇರೆ ಯಾವ ಮನೇಲೂ ಹೀಗಿಲ್ಲ. ಅಣ್ಣ ಅಂತ ಕರೆದಿದ್ದೇ ಕೆಲಸ ಮಾಡ್ತು ಅನ್ಸುತ್ತೆ."

ಕುರ್ಚಿಯಲ್ಲಿ ಕೂತವರ ಎದೆ ಯಾಕೆ ಏರುತ್ತದೆ ಮೇಡಂ, ಎಂದು ಕೇಳಲಿಲ್ಲ. ಟೀ ಕುಡಿದೆ. ಸಕ್ಕರೆ ಹಾಕಿದ್ದರೂ ಕಹಿ.

ಇದನ್ನು ಬರೆಯಲು ಕೂತರೆ ಭಾವ ಟೀವಿ ಜೋರಾಗಿ ಹಾಕಿದ್ದರು. "ಸ್ವಲ್ಪ ಕಡಿಮೆ ಮಾಡಿ ಭಾವ" ಎಂದೆ. ಮಾಡಿದರು. ಅಕ್ಕ ಸೌಟು ಹಿಡಿದುಕೊಂಡೇ ಬಂದು ನನ್ನನ್ನು ನೋಡಿದಳು. "ಇವಳಿಗೆ ಏನಾಯ್ತು? ಬೀಗ ಹಾಕಿದೆಯಾ ಅಂತ ಬೀಗವನ್ನೇ ಕೇಳೋ ಅಂಜುಬುರುಕಿ!" ಏನೂ ಆಗಿಲ್ಲ. ಬರೆಯುವುದಿತ್ತು, ಅಷ್ಟೇ.

ಮಾರ್ಚ್ 10, ಸೋಮವಾರ

ಆಗಬಾರದ್ದು ಆಗಿದೆ.

ಡಾಕ್ಟರು ಪಟ್ಟಿಯ ಅಂಕಿಗಳನ್ನು ನೋಡಿ, ಇಷ್ಟು ಬೇಗ ಇಷ್ಟು ಗಟ್ಟಿಯಾದ ಎದೆ ಅಪರೂಪ ಎಂದರಂತೆ. ಮೇಷ್ಟ್ರು ಕೆಲಸಕ್ಕೆ ಹೋಗಬಹುದಂತೆ. ಮುಂದಿನ ಸೋಮವಾರದಿಂದ ಕಾರು ಕಲಿಸುವುದು. ಮೇಷ್ಟ್ರ ಹೆಂಡತಿ ಮೋಟಪ್ಪನ ಮುಂದೆ ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗಿದರು. ಮೇಷ್ಟ್ರು ನಕ್ಕರು. ಆ ನಗು ತುಟಿಯಿಂದ ಆಚೆ ಹೋಗಲಿಲ್ಲ.

ಅವರು ಬಚ್ಚಲಿನಲ್ಲಿ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಗೋಡೆ ಹಿಡಿದುಕೊಂಡು ಹೊರಗೆ ಬರುವುದನ್ನು ನಾನು ದಿನಾ ನೋಡುತ್ತೇನೆ. ಇನ್ನು ಬೀದಿಯಲ್ಲಿ, ಪಕ್ಕದಲ್ಲಿ ಕಾರು ಓಡಿಸಲು ಬಾರದವರನ್ನು ಕೂರಿಸಿಕೊಂಡು!

ಮೇಡಂ ಬಾಗಿಲ ತನಕ ಹೋದೆ. ಅವರು ಫೋನಿನಲ್ಲಿ ಯಾರಿಗೋ ನನ್ನ ಮನೆಯ ಅಂಕಿಗಳನ್ನೇ ಖುಷಿಯಿಂದ ಹೇಳುತ್ತಿದ್ದರು. ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿದರು. "ಏನಿಲ್ಲ ಮೇಡಂ" ಎಂದು ವಾಪಸ್ ಬಂದೆ. ನಾನೂ ಮೇಷ್ಟ್ರ ಹಾಗೆಯೇ ಚಿಲಕ ಮುಟ್ಟಿ ಬಂದದ್ದು.

ಮಾರ್ಚ್ 12, ಬುಧವಾರ

"ಅಣ್ಣಾ, ಹೇಳಿಬಿಡಿ. ಡಾಕ್ಟರಿಗಲ್ಲದಿದ್ರೆ ಅತ್ತಿಗೆಗಾದ್ರೂ."

"ಏನಂತ ಹೇಳ್ಲಿ? ಇಷ್ಟು ದಿನ ರೋಬೋಟ್ ಕೈ ಹಿಡ್ಕೊಂಡು ಕೂತಿದ್ದೆ ಅಂತಲಾ?" ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಅವಳು ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಈಗ ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಯಾಕೆ ಅಂದ್ರೆ ಅದೂ ಹೇಳಬೇಕು. ಅದೊಂದು ಆಗಲ್ಲ ಕಣೋ. ಕಾರಲ್ಲಿ ಕೂತ್ಕೊಂಡೇ ಇರೋದು ತಾನೇ, ಏನೂ ಆಗಲ್ಲ."

"ನಾನು ಹೇಳಿದ್ರೆ?"

"ನಿನ್ನ ಪ್ಲಗ್ ಕಿತ್ತು ಮೂಲೆಗೆ ಹಾಕ್ತೀನಿ, ಮಗನೇ."

ಮಾರ್ಚ್ 14, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೇಡಂ ಎರಡು ದಿನ ರಜೆ, ಫೋನ್ ಎತ್ತಲಿಲ್ಲ. ಸಂಜೆ ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ಮೇಷ್ಟ್ರ ಸಮವಸ್ತ್ರದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ದಿನವಿಡೀ ಬೇರೆಯವರ ಬಟ್ಟೆಗೆ ಹಾಕಿ ಬಂದವರು, ಇದಕ್ಕೆ ಕಾಲರಿನ ಒಳಗೂ ಹಾಕುತ್ತಿದ್ದರು. ಮೇಷ್ಟ್ರು ಒಳಗೆ ಮಲಗಿದ್ದರು.

ಮೋಟಪ್ಪನನ್ನು ಆಕೆಯ ಹತ್ತಿರ ನಡೆಸಿದೆ. "ಅತ್ತಿಗೆ, ಅಣ್ಣ ಒಂದು ದಿನವೂ ನಡೆದಿಲ್ಲ. ನಾನು ಹೇಳಿದ್ದು ಸುಳ್ಳು. ಸೋಮವಾರ ಕಳಿಸಬೇಡಿ."

ಆಕೆ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನೋಡಿದರು. ಆಮೇಲೆ ನಕ್ಕರು. "ರೀ, ಮೋಟಪ್ಪ ಕೆಟ್ಟೋಗಿದೆ! ಏನೇನೋ ಒದರ್ತಿದೆ."

"ಕೆಟ್ಟಿಲ್ಲ ಅತ್ತಿಗೆ. ನಿಜ ಹೇಳ್ತಿದ್ದೀನಿ. ಅವರು ಕುರ್ಚಿಯಲ್ಲಿ ಕೂತು ನನ್ನ ಕೈ ಹಿಡ್ಕೊಳ್ತಿದ್ರು, ನಾನು ಆಡಿಸ್ತಿದ್ದೆ. ಅದು ನಡಿಗೆ ಅಲ್ಲ."

"ಆಫೀಸಿನೋರಿಗೆ ಫೋನ್ ಮಾಡಬೇಕು. ಪಾಪ, ಎಷ್ಟು ಚೆನ್ನಾಗಿತ್ತು." ಮತ್ತೆ ಕಾಲರಿಗೆ ಬಗ್ಗಿದರು.

ಸುಳ್ಳು ಹೇಳಿದಾಗ ನಂಬಿದರು. ನಿಜ ಹೇಳಿದರೆ ಕೆಟ್ಟಿದೆ ಎನ್ನುತ್ತಾರೆ. ಏನು ಮಾಡಲಿ ಎಂದು ನಾನು ಯೋಚಿಸಲೂ ಇಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ದನಿ ಬದಲಿಸುವ ಸ್ವಿಚ್ಚು ಮೇಜಿನ ಅಂಚಿನಲ್ಲಿದೆ, ಮುಟ್ಟಬಾರದು ಎಂದು ಕೆಂಪು ಟೇಪು ಸುತ್ತಿದ್ದಾರೆ. ಟೇಪು ಕಿತ್ತು ಅದನ್ನು ಆರಿಸಿದೆ.

"ಅತ್ತಿಗೆ, ನಾನು ಯಂತ್ರ ಅಲ್ಲ. ಹೆಂಗಸು. ಆಫೀಸಿನಲ್ಲಿ ಕೂತು ಮಾತಾಡ್ತಿದ್ದೀನಿ. ಮೊದಲಿಂದಲೂ ನಾನೇ."

ನನ್ನದೇ ದನಿ ಆ ಮನೆಯಲ್ಲಿ ಮೊದಲ ಸಲ. ಆಕೆ ಮೋಟಪ್ಪನ ಹಿಂದೆ ನೋಡಿದರು, ಬಾಗಿಲ ಕಡೆ ನೋಡಿದರು, ತಮ್ಮ ಮೈಮೇಲಿನ ಬಟ್ಟೆ ನೋಡಿಕೊಂಡರು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಶರ್ಟಿನಿಂದ ಹೊಗೆ ಏಳುತ್ತಿತ್ತು. ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದರು.

"ಯಾರೇ ನೀನು?" ಎಂದರು ಆಕೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಕ್ರೀನು ಕಪ್ಪಾಯಿತು. ಪ್ಲಗ್ ಕಿತ್ತದ್ದು ಯಾರು ಎಂದು ಕಾಣಲಿಲ್ಲ.

ಮಾರ್ಚ್ 17, ಸೋಮವಾರ

ಮೇಷ್ಟ್ರ ಹೆಂಡತಿ ಶನಿವಾರವೇ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರಂತೆ. ಇವರನ್ನು ಕಾರಿನ ಹತ್ತಿರ ಬಿಡಬೇಡಿ, ಮೊದಲಿನಿಂದ ಶುರು ಮಾಡೋಣ ಎಂದರಂತೆ ಡಾಕ್ಟರು. ಇಷ್ಟೂ ಮೇಡಂ ಹೇಳಿ ಗೊತ್ತಾದದ್ದು.

ಮೇಡಂ ಕೂಗಾಡಲಿಲ್ಲ. ಅದೇ ಕಷ್ಟವಾಯಿತು. "ಮೊದಲ ದಿನವೇ ನನಗೆ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತೇನಮ್ಮ?" ಎಂದರು. ಆಗುತ್ತಿರಲಿಲ್ಲ. ನಾನು ಗುಂಡಿ ಒತ್ತಿದೆ, ವರದಿಯಲ್ಲಿ ನಡಿಗೆ ಎಂದು ಬರೆದೆ, ಆಕೆ ಕೇಳಿದಾಗಲೆಲ್ಲ ಹೌದು ಎಂದೆ. ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಯಾಕೆ ನಡೆಯಲಿಲ್ಲ ಎಂಬುದನ್ನು ಬಿಟ್ಟು.

"ನಾನೂ ಅಂಕಿ ನೋಡಿ ಕುಣಿದುಬಿಟ್ಟೆ," ಎಂದು ಅವರು ಕಿಟಕಿ ಕಡೆ ತಿರುಗಿದರು. ನಾಳೆಯಿಂದ ಬರುವುದು ಬೇಡ. ಗುರುತಿನ ಕಾರ್ಡು, ಹೆಡ್‌ಫೋನ್ ಗುರುವಾರ ತಂದುಕೊಡಬೇಕು.

ಅಕ್ಕನಿಗೆ ಕೆಲಸ ಹೋಯಿತು ಎಂದೆ. "ಏನ್ ಮಾಡ್ಕೊಂಡೆ?" ಎಂದಳು. "ತಪ್ಪು ಮಾಡಿದೆ" ಎಂದೆ. ಅವಳು ಮುಂದೆ ಕೇಳಲಿಲ್ಲ. ಯಾವಾಗಲೂ ಕೇಳುವವಳು.

ಮಾರ್ಚ್ 20, ಗುರುವಾರ

ಕೋಣೆಯಲ್ಲಿ ಹೆಡ್‌ಫೋನಿನ ವೈರು ಸುತ್ತುತ್ತಾ ಕೂತಿದ್ದಾಗ ಮೇಡಂ ಬಂದರು. "ಮೇಷ್ಟ್ರ ಹೆಂಡತಿ ಬಂದಿದ್ದಾರೆ, ನಿಮ್ಮನ್ನ ನೋಡಬೇಕಂತೆ. ಬೇಡ ಅಂದ್ರೆ ಹೇಳಿ, ಕಳಿಸಿಬಿಡ್ತೀನಿ."

"ಬರಲಿ ಮೇಡಂ" ಎಂದೆ.

ಮೋಟಪ್ಪ ಸೊಂಟದೆತ್ತರದಿಂದ ನೋಡುವುದರಿಂದ ಆಕೆ ನನಗೆ ಯಾವಾಗಲೂ ಎತ್ತರವಾಗಿ ಕಾಣುತ್ತಿದ್ದರು. ನಿಜಕ್ಕೂ ನನ್ನ ಭುಜಕ್ಕೆ ಬರುತ್ತಾರೆ. ಎದ್ದು ನಿಂತೆ. ಆಕೆ ಕುರ್ಚಿ ನೋಡಿದರು, ಸ್ಕ್ರೀನು ನೋಡಿದರು, ಗುಂಡಿಗಳನ್ನು ನೋಡಿದರು.

"ಇಲ್ಲೇನಾ ಕೂರ್ತಿದ್ದಿದ್ದು?"

"ಹೂಂ ಅತ್ತಿಗೆ."

"ಅತ್ತಿಗೆ ಅನ್ನಬೇಡಿ."

"ಹೂಂ."

"ನನ್ನ ಮುಖ ನೀವು ದಿನಾ ನೋಡಿದ್ರಿ. ನಿಮ್ಮ ಮುಖ ನಾನೂ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ."

ನೋಡಿದರು. ಅವಸರವಿಲ್ಲದೆ, ಹಣೆಯಿಂದ ಗದ್ದದವರೆಗೆ, ಬಟ್ಟೆಯಲ್ಲಿ ಕಲೆ ಹುಡುಕುವ ಹಾಗೆ. ಮುಖ ಉರಿಯಿತು. ಎಲ್ಲಿ ನೋಡಲಿ ಎಂದು ತೋಚದೆ ಅವರ ಕಣ್ಣನ್ನೇ ನೋಡಿದೆ.

"ಅವತ್ತು ಗೋಡೆ ಕಡೆ ತಿರುಗಿದ್ದು ನೀವೇನಾ?"

"ನಾನೇ."

ಆಕೆ ಕುರ್ಚಿಯ ಬೆನ್ನು ಹಿಡಿದು ನಿಂತರು. "ಅವರು ನಿಮ್ಮ ಮೇಲೆ ಸಿಟ್ಟಾಗಿಲ್ಲ. ನಾಚಿಕೊಂಡಿದ್ದಾರೆ. ಸಿಟ್ಟಾಗಿರೋಳು ನಾನು, ಅದಕ್ಕೇ ನಾನು ಬಂದೆ. ಒಂದು ಕೇಳ್ತೀನಿ. ಅವರು 'ಅದನ್ನ ಹೇಳಿದ್ಳಾ? ಅದನ್ನೂ ಹೇಳಿದ್ಳಾ?' ಅಂತ ನನ್ನನ್ನೇ ಕೇಳ್ತಾರೆ. ಯಾವುದು ಅಂದ್ರೆ ಮುಸುಕು ಎಳ್ಕೋತಾರೆ. ಅವರು ಯಾಕೆ ನಡೀಲಿಲ್ಲ?"

ಗೊತ್ತಿಲ್ಲ ಎನ್ನಬಹುದಿತ್ತು.

"ಗೊತ್ತು. ಆದ್ರೆ ಹೇಳಲ್ಲ."

"ನಾನು ಅವರ ಹೆಂಡತಿ!"

"ಅದಕ್ಕೇ. ಅದನ್ನ ನೀವು ಅವರ ಬಾಯಿಂದಲೇ ಕೇಳಬೇಕು."

ಆಕೆಯ ಮುಖ ಕೆಂಪೇರಿತು. "ಚೆನ್ನಾಗಿದೆ ಕಣೇ ನಿನ್ನ ನ್ಯಾಯ! ಸುಳ್ಳಾದ್ರೆ ಕೇಳಿದ ತಕ್ಷಣ ಕೊಡ್ತಿದ್ದೆ. ನಿಜ ಕೇಳಿದ್ರೆ ಬಾಯಿಗೆ ಬೀಗ!" ಏಕವಚನಕ್ಕೆ ಇಳಿದರು. ಇಳಿಯಲಿ. "ನಿನ್ನ ಮಾತು ನಂಬಿ ನಾನು ಅವರನ್ನ ಸಾಯೋಕೆ ಕಳಿಸ್ತಿದ್ದೆ. ಶರ್ಟಿಗೆ ಇಸ್ತ್ರಿ ಹಾಕಿ ಕಳಿಸ್ತಿದ್ದೆ. ಗೊತ್ತಾ?"

"ಗೊತ್ತು."

"ಏನ್ ಗೊತ್ತು ನಿನಗೆ!" ಕುರ್ಚಿಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿದರು. ನಾನು ಕದಲಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಆ ಮಾತು ಇದಕ್ಕೆ ತೀರಾ ಸಣ್ಣದಾಗಿ ಕಂಡು ಸುಮ್ಮನಾದೆ.

ಆಕೆ ತೋಳಿನಲ್ಲಿ ಮುಖ ಒರೆಸಿಕೊಂಡು ಚೀಲ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದರು. "ನಾನು ಕೇಳಿದೆ, ಅವಳು ಹೇಳಲಿಲ್ಲ ಅಂತ ಅವರಿಗೆ ಹೇಳ್ತೀನಿ. ನಂಬ್ತಾರೋ ಇಲ್ವೋ. ಅದೊಂದಾದ್ರೂ ನಿಜ ತಾನೇ?"

"ನಿಜ."

ಹೋದರು. ನಾನು ಕೂತೆ. ಅರ್ಧಕ್ಕೆ ಬಿಟ್ಟಿದ್ದ ವೈರನ್ನು ಪೂರ್ತಿ ಸುತ್ತಿದೆ.

ಮೇಡಂ ಇಣುಕಿ, "ತುಂಬಾ ಬೈದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ" ಎಂದೆ. ಇನ್ನೂ ಬೈಯಬೇಕಿತ್ತು ಎಂದು ಬಸ್ ಸ್ಟಾಪಿನ ತನಕ ಅನ್ನಿಸುತ್ತಲೇ ಇತ್ತು.